ಸ್ಲ್ಯಾಬ್ ಸೋರುತ್ತಿದೆ, ಗುತ್ತೇದಾರ ಫೋನ್ ಎತ್ತುತ್ತಿಲ್ಲ: ಮುಂದೇನು?

ಆಳಂದ, ಅಫಜಲಪುರ, ಜೇವರ್ಗಿ ಕಡೆ ಮನೆ ಕಟ್ಟಿಸುವ ಕರಾರು ಹೆಚ್ಚಾಗಿ ಬಾಯಿಮಾತಿನದೇ. ಚದರಡಿಗೆ ಇಷ್ಟು, ಮಾಲು–ಮಜೂರಿ ಸೇರಿದರೆ ಇಷ್ಟು ಎಂದು ಮಾತಾಗಿ ಅಡ್ವಾನ್ಸ್ ಕೊಟ್ಟರೆ ಕೆಲಸ ಶುರು. ಮೊದಲ ಮಳೆಗೇ ಸ್ಲ್ಯಾಬ್ ಸೋರಿದಾಗ ಎಲ್ಲರೂ ಕೇಳುವುದು ಒಂದೇ: ‘ಅವನ ಹತ್ರ ಲೈಸೆನ್ಸ್ ಇತ್ತೇನು?’

ಆ ಪ್ರಶ್ನೆಯ ಬೆನ್ನು ಹತ್ತಿ ಲಾಭವಿಲ್ಲ. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರ ನೋಂದಣಿ ಇರುವುದು ಸರ್ಕಾರಿ ಕಾಮಗಾರಿಗೆ. ಖಾಸಗಿ ಮನೆ ಕಟ್ಟುವ ಮೇಸ್ತ್ರಿಗೆ ಅದು ಬೇಕಿಲ್ಲ. ವೈರಿಂಗ್ ಮಾತ್ರ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಆಗಬೇಕು. ಸ್ವಂತ ಜಾಗದಲ್ಲಿ ಕಟ್ಟಿಸಿದ ಮನೆಯ ಜಗಳಕ್ಕೆ ರೇರಾ ಕೂಡ ಬರುವುದಿಲ್ಲ.

ನಿಜವಾದ ಆಸರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಮನೆ ನಿರ್ಮಾಣವೂ ‘ಸೇವೆ’ ಎಂದು ಅದರಲ್ಲೇ ಬರೆದಿದೆ. ಜಾಗದ ಮಾಲೀಕ ಗುತ್ತೇದಾರನಿಗೆ ಮನೆ ಕಟ್ಟಲು ಕೊಟ್ಟರೆ ಅವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಫಕೀರ್ ಚಂದ್ ಗುಲಾಟಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ ದಿನಗೂಲಿಗೆ ಕರೆದ ಗೌಂಡಿಯ ಮೇಲೆ ಈ ದಾರಿ ಕಷ್ಟ.

ದುರಸ್ತಿಗೆ ಕೈ ಹಾಕುವ ಮೊದಲೇ ಪುರಾವೆ ಕೂಡಿಸಬೇಕು. ತಾರೀಖು ಕಾಣುವ ಫೋಟೊ, ಫೋನ್‌ಪೇ ವಿವರ, ವಾಟ್ಸ್ಆ್ಯಪ್‌ನಲ್ಲಿ ಬಂದ ಧ್ವನಿ ಸಂದೇಶ, ಸಿಮೆಂಟ್ ಬಿಲ್, ಮರಳಿನ ಬ್ರಾಸ್ ಲೆಕ್ಕದ ಚೀಟಿ ಎಲ್ಲವೂ ಬೇಕು. ಮಜೂರಿಗಷ್ಟೇ ಗುತ್ತಿಗೆ ಕೊಟ್ಟಿದ್ದರೆ ‘ನೀವು ತಂದ ಸಿಮೆಂಟೇ ಸರಿ ಇರಲಿಲ್ಲ’ ಎಂಬ ಉತ್ತರ ಬಂದೇ ಬರುತ್ತದೆ. ಗೋಡೆ ಬಿರಿದಿದ್ದರೆ ಇನ್ನೊಂದು ಸಬೂಬು ಸಿದ್ಧ: ‘ಇದು ಎರೆ ಭೂಮಿ ಸಾಹೇಬ್ರ, ನಾ ಏನ್ ಮಾಡ್ಲಿ?’ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದು ನಿಜ. ಅದಕ್ಕೆ ತಕ್ಕಂತೆ ಬುನಾದಿ ಹಾಕುವುದೇ ಅವನ ಕಸುಬು. ಬಿರುಕು ಮಣ್ಣಿನದೋ ಕೆಲಸದ್ದೋ ಎಂದು ಸಿವಿಲ್ ಎಂಜಿನಿಯರ್ ಒಬ್ಬರಿಂದ ವರದಿ ಬರೆಸಿಕೊಂಡರೆ ಅರ್ಧ ಕೇಸು ಗೆದ್ದಂತೆ.

ನಂತರ ತಪ್ಪುಗಳನ್ನೆಲ್ಲ ಹೆಸರಿಸಿ, ಹದಿನೈದು ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಬೇಕು. 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಲಹೆಯನ್ನೂ ಕೇಳಬಹುದು. ಅದಕ್ಕೂ ಜಗ್ಗದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 10 ಲಕ್ಷದವರೆಗೆ 200, 20 ಲಕ್ಷದವರೆಗೆ 400 ರೂಪಾಯಿ. ವಕೀಲರನ್ನು ಇಡಲೇಬೇಕೆಂದಿಲ್ಲ. ಗಡಿ ಊರುಗಳವರಿಗೆ ಇನ್ನೊಂದು ಅನುಕೂಲವಿದೆ: ಗುತ್ತೇದಾರ ಅಕ್ಕಲಕೋಟೆಯವನಿರಲಿ, ಸೊಲ್ಲಾಪುರದವನಿರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ಎರಡು ವರ್ಷದೊಳಗೆ. ‘ದೀಪಾವಳಿ ಆದ್ಮ್ಯಾಲೆ ಮಾಡಿಕೊಡ್ತೀನಿ’ ಎಂಬ ಮಾತು ನಂಬಿ ಕೂತವರಿಗೆ ಈ ಅವಧಿ ಜಾರಿಹೋಗುತ್ತದೆ.

ಠಾಣೆ ಮೆಟ್ಟಿಲು ಹತ್ತಿದರೆ ಸಾಮಾನ್ಯವಾಗಿ ಬರುವ ಉತ್ತರ, ‘ಇದು ಸಿವಿಲ್ ಮ್ಯಾಟರ್’. ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅನ್ವಯಿಸುತ್ತದೆ.

ರಾಜಿಗೆ ಮನಸ್ಸಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಗ್ರಾಹಕರ ಆಯೋಗದ ಆದೇಶವನ್ನು ಗುತ್ತೇದಾರ ಪಾಲಿಸದಿದ್ದರೆ ಅವನಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಬಹುದು.