ಷಾಡ್ವೆಲ್ಲಿನ ಮನೆ

ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ರಚಿಸಿ, ಮುಂದೆ ಆ ದೇಶದ ಮೂರನೆಯ ಅಧ್ಯಕ್ಷನಾದ ಥಾಮಸ್ ಜೆಫರ್ಸನನ ಹೆಸರನ್ನು ಕೇಳಿದೊಡನೆ ಮಾಂಟಿಚೆಲೋ ಎಂಬ ಭವ್ಯ ಸೌಧವು ನೆನಪಿಗೆ ಬರುತ್ತದೆ. ಆದರೆ ಅವನು ಹುಟ್ಟಿದ ಮನೆ ಅದಲ್ಲ. ವರ್ಜೀನಿಯಾದ ರಿವಾನ್ನಾ ನದಿಯ ಸಮೀಪದಲ್ಲಿ, ಅವನ ತಂದೆ ಪೀಟರ್ ಜೆಫರ್ಸನ್ ಮರದ ಮನೆಯೊಂದನ್ನು ಕಟ್ಟಿಸಿದ್ದನು. ತಾಯಿ ಜೇನಳಿಗೆ ದೀಕ್ಷಾಸ್ನಾನವಾದ ಲಂಡನ್ನಿನ ಷಾಡ್ವೆಲ್ ಎಂಬ ಪ್ರದೇಶದ ಹೆಸರೇ ಆ ಸ್ಥಳಕ್ಕೂ ಬಂದಿತು. 1743ರಲ್ಲಿ ಥಾಮಸ್ ಅಲ್ಲಿ ಜನಿಸಿದನು.

ಪೀಟರನು ನಿಪುಣನಾದ ಭೂಮಾಪಕ. 1751ರಲ್ಲಿ ಜೋಷುವಾ ಫ್ರೈ ಎಂಬವನೊಡನೆ ವರ್ಜೀನಿಯಾದ ನಕಾಶೆಯನ್ನು ಸಿದ್ಧಪಡಿಸಿದವನು. 1757ರಲ್ಲಿ ಅವನು ತೀರಿಕೊಂಡಾಗ ಥಾಮಸನಿಗೆ ಹದಿನಾಲ್ಕು ವರ್ಷ. ತಂದೆಯ ಪುಸ್ತಕಗಳು ಮಗನಿಗೆ ಬಂದವು. ಹೊಗೆಸೊಪ್ಪಿನ ಬೆಳೆಯಿಂದ ಐಶ್ವರ್ಯ ಗಳಿಸಿದ ಆ ಮನೆತನದ ಆಸ್ತಿಯ ಲೆಕ್ಕದಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಗುಲಾಮರೂ ಸೇರಿದ್ದರು.

1770ರ ಫೆಬ್ರವರಿ 1ರಂದು ಆ ಮನೆಯು ಬೆಂಕಿಗೆ ಆಹುತಿಯಾಯಿತು. ಆಗ ಜೆಫರ್ಸನನು ವಕೀಲನೂ ಶಾಸನಸಭೆಯ ಸದಸ್ಯನೂ ಆಗಿದ್ದನು. ಅವನು ಅಂದು ಮನೆಯಲ್ಲಿರಲಿಲ್ಲ. ಮೊಕದ್ದಮೆಗಳಿಗಾಗಿ ಬರೆದಿಟ್ಟ ಕಾಗದಪತ್ರಗಳೆಲ್ಲವೂ, ಬಹುಪಾಲು ಪುಸ್ತಕಗಳೂ ಭಸ್ಮವಾದುವು. ಪುಸ್ತಕಗಳ ಬೆಲೆ 200 ಪೌಂಡುಗಳೆಂದು ಅಂದಾಜು ಮಾಡಿ, ಸುಟ್ಟುಹೋದುದು ಹಣವಾಗಿದ್ದರೆ ತಾನು ನಿಟ್ಟುಸಿರನ್ನೂ ಬಿಡುತ್ತಿರಲಿಲ್ಲವೆಂದು ಅವನು ಗೆಳೆಯ ಜಾನ್ ಪೇಜನಿಗೆ ಬರೆದನು.

ಈ ಪ್ರಸಂಗವನ್ನು ಕುರಿತು ಆ ಮನೆತನದಲ್ಲಿ ಒಂದು ಕಥೆ ಉಳಿದುಬಂದಿದೆ. ಸುದ್ದಿ ತಂದ ಗುಲಾಮನನ್ನು ಜೆಫರ್ಸನನು ಮೊದಲು ಕೇಳಿದುದು ಪುಸ್ತಕಗಳ ವಿಚಾರವನ್ನಂತೆ. ಅವೆಲ್ಲ ಹೋದುವು, ಆದರೆ ಪಿಟೀಲನ್ನು ಉಳಿಸಿಕೊಂಡೆವು ಎಂದು ಅವನು ಉತ್ತರಿಸಿದನಂತೆ. ಕೇಳಿದವರು ನಗುವುದುಂಟು. ನಿಜವಾಗಿ ನೋಡಿದರೆ ನಗತಕ್ಕ ಮಾತೇನೂ ಅದರಲ್ಲಿಲ್ಲ. ಉರಿಯುವ ಮನೆಯೊಳಗಿಂದ ಒಡೆಯನ ವಾದ್ಯವನ್ನು ಹೊರತಂದವರು ತಾವೇ ಒಡೆಯನ ಸ್ವತ್ತಾಗಿದ್ದವರು! ಕಥೆಯಲ್ಲಿ ಪಿಟೀಲಿಗೆ ಸ್ಥಾನ ದೊರೆಯಿತು. ಅವರ ಹೆಸರುಗಳಿಗೆ ದೊರೆಯಲಿಲ್ಲ.

ನದಿಯಾಚೆಯ ಬೆಟ್ಟದ ನೆತ್ತಿಯನ್ನು ಸಮಮಾಡಿಸುವ ಕಾರ್ಯವನ್ನು ಜೆಫರ್ಸನನು 1768ರಲ್ಲಿಯೇ ಆರಂಭಿಸಿದ್ದನು. ಬೆಂಕಿಯ ಅನಾಹುತವಾದ ವರ್ಷದ ನವೆಂಬರಿನಲ್ಲಿ ಅಲ್ಲಿನ ಚಿಕ್ಕದೊಂದು ಇಟ್ಟಿಗೆಯ ಕಟ್ಟಡದಲ್ಲಿ ವಾಸಮಾಡತೊಡಗಿದನು. ಮತ್ತೆ ಪುಸ್ತಕಗಳನ್ನು ಕೂಡಿಸಿದನು. 1773ರಲ್ಲಿ ಅವನು ಎಣಿಸಿದಾಗ 1256 ಸಂಪುಟಗಳಿದ್ದುವು.

ಸುಟ್ಟ ಮನೆಯ ನೆಲವು ಮಾತ್ರ ಬಹುಕಾಲ ಮೌನವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ನಡೆದ ಉತ್ಖನನಗಳಿಂದ ನೆಲಮಾಳಿಗೆಯ ಗುರುತುಗಳೂ ಪಿಂಗಾಣಿಯ ಚೂರುಗಳೂ ದೊರೆತುವು. ಅವುಗಳೊಡನೆ ಅಡುಗೆಮನೆಯ ಮತ್ತು ಗುಲಾಮರು ವಾಸಿಸುತ್ತಿದ್ದ ಬಿಡಾರಗಳ ನೆಲೆಗಳೂ ಬೆಳಕಿಗೆ ಬಂದುವು.