ಮಾರಿದ ಕಾರಿನ ಹೆಸರಲ್ಲಿ ಬಂದ ನೋಟಿಸು

ಕಾರು ಮಾರಿ ದುಡ್ಡು ಎಣಿಸಿಕೊಂಡರೆ ಅದರ ಋಣ ಹರಿಯಿತು ಎಂದುಕೊಳ್ಳುವವರೇ ಹೆಚ್ಚು. ಹಾಸನದ ನಮ್ಮ ಚಿಕ್ಕಪ್ಪನೂ ಹಾಗೇ ತಿಳಿದಿದ್ದರು. ಹಳೆಯ ಮಾರುತಿ 800 ಅನ್ನು ಬ್ರೋಕರ್ ಮೂಲಕ ಕೊಟ್ಟು ವರ್ಷ ಕಳೆದ ಮೇಲೆ ಕೋರ್ಟಿನ ಅಮೀನ ಮನೆ ಬಾಗಿಲಿಗೆ ಬಂದ. ಆ ಕಾರು ಬೈಕಿಗೆ ಗುದ್ದಿ ಸವಾರನ ಕಾಲು ಮುರಿದಿತ್ತು. ಪರಿಹಾರದ ಅರ್ಜಿಯಲ್ಲಿ ಮಾಲೀಕರೆಂದು ಚಿಕ್ಕಪ್ಪನ ಹೆಸರಿತ್ತು.

ವಕೀಲರ ಬಳಿಗೆ ಅವರನ್ನು ಕರೆದುಕೊಂಡು ಹೋದವನು ನಾನು. ಚಿಕ್ಕಪ್ಪ ಪ್ಲಾಸ್ಟಿಕ್ ಕವರಿನಿಂದ ಛಾಪಾ ಕಾಗದ ತೆಗೆದು ಮೇಜಿನ ಮೇಲೆ ಹರವಿದರು. ತಾರೀಕು, ಗಂಟೆ, ಸಾಕ್ಷಿಗಳ ಸಹಿ, ಇಂದಿನಿಂದ ಸಂಪೂರ್ಣ ಜವಾಬ್ದಾರಿ ಖರೀದಿದಾರರದ್ದು ಎಂಬ ಸಾಲು, ಎಲ್ಲವೂ ಇತ್ತು. ವಕೀಲರು ಅದನ್ನು ಪೂರ್ತಿ ಓದಲೂ ಇಲ್ಲ.

"ಆರ್‌ಸಿ ಯಾರ ಹೆಸರಲ್ಲಿದೆ ಯಜಮಾನ್ರೇ?"

"ನನ್ನ ಹೆಸರಲ್ಲೇ ಇದೆಯಂತೆ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟಿದ್ನಲ್ಲ ಸಾರ್."

"ಇನ್ಶೂರೆನ್ಸು?"

ಕೊಂಡವನು ಕಟ್ಟಿರಲಿಲ್ಲ.

ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾಲೀಕ ಎಂದರೆ ಆರ್‌ಸಿಯಲ್ಲಿ ಹೆಸರಿರುವವನು. ಕೈಯಿಂದ ಕೈಗೆ ಹೋದ ಕಾರೊಂದರ ಮೊಕದ್ದಮೆಯಲ್ಲಿ (ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್) ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನೇ ಹೇಳಿತು. ಗಾಡಿ ಯಾರಿಂದ ಯಾರಿಗೆ ಹೋಯಿತು ಎಂದು ಗಾಯಾಳು ಹುಡುಕಿಕೊಂಡು ಅಲೆಯಬೇಕೇ? ಚಿಕ್ಕಪ್ಪನ ಮುಖ ನೋಡಿ ಸಂಕಟವಾದರೂ ಈ ಮಾತು ನನಗೆ ನ್ಯಾಯವೆಂದೇ ಕಂಡಿತು. ಛಾಪಾ ಕಾಗದ ಹಿಡಿದು ಕೊಂಡವನ ಮೇಲೆ ವಸೂಲಿಗೆ ದಾವೆ ಹೂಡಬಹುದು. ಕಾಲು ಮುರಿದುಕೊಂಡವನ ಎದುರು ಅದು ನಡೆಯದು.

ವಿಮೆ ಚಾಲ್ತಿಯಲ್ಲಿದ್ದಿದ್ದರೆ ಕಥೆಯೇ ಬೇರೆ, ಪರಿಹಾರವನ್ನು ವಿಮಾ ಕಂಪನಿ ಕೊಡುತ್ತಿತ್ತು. ಕಾರು ಮಾರಿದಾಗ ಥರ್ಡ್ ಪಾರ್ಟಿ ವಿಮೆ ತಾನಾಗಿಯೇ ಕೊಂಡವರಿಗೆ ವರ್ಗವಾಗುತ್ತದೆ. 14 ದಿನದೊಳಗೆ ಅವರು ಕಂಪನಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳಬೇಕು. ಬದಲಿಸಿಕೊಳ್ಳದಿದ್ದರೆ ಸ್ವಂತ ಕಾರಿನ ರಿಪೇರಿಗೆ ಕ್ಲೇಮು ಸಿಗುವುದು ಕಷ್ಟ. ನೋ ಕ್ಲೇಮ್ ಬೋನಸ್ ಮಾತ್ರ ಮಾರಿದವರದ್ದೇ, ಅವರ ಮುಂದಿನ ಕಾರಿಗೆ ಸಿಗುತ್ತದೆ.

ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2000 ರೂಪಾಯಿ ದಂಡ, ಮತ್ತೆ ಸಿಕ್ಕಿದರೆ 4000. ಮೂರು ತಿಂಗಳವರೆಗೆ ಜೈಲೂ ಆಗಬಹುದು. ನಮ್ಮ ಜನ ಲೆಕ್ಕ ಹಾಕುವುದು ಈ ಎರಡು ಸಾವಿರವನ್ನೇ. ಅಪಘಾತ ಪರಿಹಾರ ನ್ಯಾಯಮಂಡಳಿ ಕೊಡಿಸುವ ಮೊತ್ತಕ್ಕೆ ಮೇಲ್ಮಿತಿ ಇಲ್ಲ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಂಪರ್ ಗೀರಿದರೆ ದುಡ್ಡು ಬರುತ್ತದೋ ಇಲ್ಲವೋ ಎಂದು ಏಜೆಂಟನ ತಲೆ ತಿನ್ನುವವರೂ ಈ ವಿಷಯ ಕೇಳಿದ್ದನ್ನು ನಾನು ಕಂಡಿಲ್ಲ.

ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಕೊಂಡವನು ಒಂದಿಷ್ಟು ಕೊಟ್ಟ. ಉಳಿದದ್ದು ಚಿಕ್ಕಪ್ಪನ ಎಫ್‌ಡಿಯಿಂದ ಹೋಯಿತು, ಕಾರು ಮಾರಿ ಬಂದಿದ್ದಕ್ಕಿಂತ ಹೆಚ್ಚೇ.

ಸಹಿ ಹಾಕಿದ ಖಾಲಿ ಫಾರಂಗಳನ್ನು ಬ್ರೋಕರ್ ಕೈಗೆ ಕೊಟ್ಟು ಬರಬೇಡಿ. ಮಾರಿದ 14 ದಿನದೊಳಗೆ ಫಾರಂ 29 ಅನ್ನು ಆರ್‌ಟಿಒ ಕಚೇರಿಗೆ ನೀವೇ ಸಲ್ಲಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಹೆಸರು ಬದಲಾಗುವವರೆಗೂ ಕೊಂಡವರ ಬೆನ್ನು ಬಿಡಬೇಡಿ. ಹಿಂದೆಂದೋ ಗಾಡಿ ಮಾರಿದ್ದರೆ ಅದರ ನಂಬರನ್ನು ಇವತ್ತೇ ಪರಿವಹನ್ ಜಾಲತಾಣದಲ್ಲಿ ಹಾಕಿ ನೋಡಿ. ವಿಮೆ ಎಲ್ಲಿಯವರೆಗಿದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.