ಹೊಸ ಜಿಎಂ ವಿಮಾನ ಹತ್ತುವ ಮೊದಲು

ಮಗಳೇ, ನಿಮ್ಮ ಮಸ್ಕತ್ ಆಫೀಸಿಗೆ ಬೆಂಗಳೂರಿನಿಂದ ಹೊಸ ಜಿಎಂ ಬರುತ್ತಿದ್ದಾರೆ, ಎಚ್‌ಆರ್‌ನಲ್ಲಿರುವ ನಿನ್ನ ಮೇಲೇ ಅವರ ಹೊಣೆ ಬಿದ್ದಿದೆ ಅಂದೆಯಲ್ಲ. ವೀಸಾ, ಬತಾಕ (ರೆಸಿಡೆಂಟ್ ಕಾರ್ಡು), ಫ್ಲ್ಯಾಟು, ಮಕ್ಕಳ ಸ್ಕೂಲು ಎಲ್ಲ ನಿನಗೆ ಗೊತ್ತೇ ಇದೆ. ನಾನು ಹೇಳುವುದು ಬೇರೆ. ಹೊರಗಿನಿಂದ ಬಂದವರಿಗೆ ಕೆಲಸ ಗೊತ್ತಿರುತ್ತದೆ, ಆಫೀಸಿನ ಒಳದಾರಿ ಗೊತ್ತಿರುವುದಿಲ್ಲ. ಗೊತ್ತಿದ್ದವರು ಬಾಯಿ ಬಿಡುವುದಿಲ್ಲ.

ನಾನೂ ಹಾಗೆ ಸುಮ್ಮನೆ ಕೂತವನೇ. 2013ರಲ್ಲಿ ಇಲ್ಲಿ ಒಮಾನಿನಲ್ಲಿ ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾಯಿತಲ್ಲ, ಅದಾಗಿ ಎರಡು ವರ್ಷಕ್ಕೆ ನಾನಿದ್ದ ಕಡೆಗೆ ಊರಿನಿಂದ ಒಬ್ಬರು ಮುಖ್ಯಸ್ಥರಾಗಿ ಬಂದರು. ಚುರುಕಿನ ಮನುಷ್ಯ. ವಾರದ ಮೀಟಿಂಗನ್ನು ಗುರುವಾರ ಸಂಜೆ ನಾಲ್ಕಕ್ಕೆ ಇಟ್ಟರು. ಮಸ್ಕತ್ತಿನಲ್ಲಿ ದುಡಿಯುವ ಎಷ್ಟೋ ಒಮಾನಿಗಳು ಗುರುವಾರ ಕೆಲಸ ಮುಗಿಯುತ್ತಲೇ ಕಾರು ಹತ್ತಿ ಊರ ದಾರಿ ಹಿಡಿಯುತ್ತಾರೆ. ಸೂರ್ ಪಟ್ಟಣವಾದರೆ ಸುಮಾರು 200 ಕಿಲೋಮೀಟರ್. ಅಕೌಂಟ್ಸಿನಲ್ಲಿದ್ದ ಸೂರ್ ಹುಡುಗ ಮೀಟಿಂಗು ಮುಗಿಯುವವರೆಗೂ ಕಾರಿನ ಕೀಲಿಯನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತಿರುತ್ತಿದ್ದ. ಸಾಹೇಬರು ಅದನ್ನು ಉಡಾಫೆ ಅಂದುಕೊಂಡು ಮೆಮೊ ಕೊಟ್ಟರು. ನಾನು ಒಂದು ಮಾತು ಹೇಳಿದ್ದರೆ ಮೀಟಿಂಗು ಸೋಮವಾರಕ್ಕೆ ಹೋಗುತ್ತಿತ್ತು. ಹೇಳಲಿಲ್ಲ. ವರ್ಷ ತುಂಬುವುದರೊಳಗೆ ಅವರು ಬಿಟ್ಟು ಹೋದರು, ಆ ಹುಡುಗನೂ ಹೋದ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹಾಗಾಗಿ ನಿಮ್ಮ ಜಿಎಂ ವಿಮಾನ ಹತ್ತುವ ಮೊದಲೇ ಫೋನು ಮಾಡಿ ಇಂಥದ್ದನ್ನೆಲ್ಲ ಹೇಳು. ರಂಜಾನಿನಲ್ಲಿ ಮುಸ್ಲಿಂ ನೌಕರರಿಗೆ ದಿನಕ್ಕೆ ಆರೇ ತಾಸು ಕೆಲಸ ಎಂಬುದು ಕಾನೂನು; ಅದನ್ನೂ ಅವರು ಟಾರ್ಗೆಟ್ ಹಾಕುವ ಮೊದಲೇ ತಿಳಿದಿರಲಿ.

ಅದಕ್ಕೂ ಮುಂಚಿನ ಕೆಲಸ ಒಂದಿದೆ. ನಿಮ್ಮ ಒಮಾನಿ ಡೆಪ್ಯೂಟಿ. ಹೊರದೇಶದವರ ಜಾಗಕ್ಕೆ ಒಮಾನಿಗಳನ್ನು ತರುವ ಒಮಾನೀಕರಣ 1988ರಿಂದ ನಡೆದಿದೆ. ಆ ಕುರ್ಚಿ ತನಗೇ ಬರುತ್ತದೆಂದು ಅವರು ಕಾದಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಹೊರಗಿನವರನ್ನು ಯಾಕೆ ತಂದೆವು, ಎಷ್ಟು ವರ್ಷಕ್ಕೆ, ಆಮೇಲೆ ಯಾರ ಸರದಿ ಎಂಬುದನ್ನು ಎಂ.ಡಿ.ಯವರೇ ಅವರನ್ನು ಎದುರು ಕೂರಿಸಿಕೊಂಡು ಹೇಳಬೇಕು. ಅದನ್ನು ಜಿಎಂ ಕಿವಿಗೂ ಹಾಕಬೇಕು. ಹಟ ಹಿಡಿದಾದರೂ ಇದನ್ನು ಮಾಡಿಸು. ಇದಾಗದಿದ್ದರೆ ನಿನ್ನ ಇಂಡಕ್ಷನ್ ಪೂರ್ತಿ ನೀರಿನಲ್ಲಿ ಮಾಡಿದ ಹೋಮ.

ಇನ್ನು ಕಹ್ವಾ, ಅಂದರೆ ಇಲ್ಲಿಯ ಕಾಫಿ. ಮೊದಲು ಖರ್ಜೂರ, ಆಮೇಲೆ ಹಿಡಿಯಿಲ್ಲದ ಪುಟ್ಟ ಫಿಂಜಾನಿನಲ್ಲಿ ಏಲಕ್ಕಿ ಹಾಕಿದ ಕಹ್ವಾ. ಬಲಗೈಯಲ್ಲೇ ತೆಗೆದುಕೊಳ್ಳಬೇಕು. ಸಾಕಾದಾಗ ಫಿಂಜಾನನ್ನು ಚೂರು ಅಲುಗಾಡಿಸಬೇಕು, ಇಲ್ಲವಾದರೆ ಮತ್ತೆ ಮತ್ತೆ ಬಗ್ಗಿಸುತ್ತಾರೆ. ಮನೆಯವರ ಕ್ಷೇಮಸಮಾಚಾರ ಮುಗಿಯುವವರೆಗೆ ಕೆಲಸದ ಮಾತು ತೆಗೆಯಬಾರದು. ಇದನ್ನು ಮಾತ್ರ ನೀನು ಕಲಿಸಲು ಹೋಗಬೇಡ. ಮೊದಲ ದಿನ ಡೆಪ್ಯೂಟಿಯವರ ಕೋಣೆಗೆ ಜಿಎಂ ಅವರನ್ನು ಕರೆದುಕೊಂಡು ಹೋಗಿ ಕೂರಿಸು, ಬಾಗಿಲು ಎಳೆದುಕೊಂಡು ಹೊರಗೆ ಬಾ. ಅವರೇ ಕಲಿಸಲಿ.